ನನ್ನ ಪ್ರಶ್ನೆಯ ಸರದಿ ಬಂದಾಗ

ಹಮೀದ್, ವಿಧಾನಸಭೆಯಲ್ಲಿ ನಿನ್ನ ಪರವಾಗಿ ನಾನು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದೇನೆ ಎಂದು ನಿನ್ನ ಉಮ್ಮನಿಗೆ ಸುಳ್ಳು ಹೇಳಿದೆ. ಆಕೆ ಅದನ್ನು ನಂಬಿಕೊಂಡೇ ತೀರಿಹೋದರು.

ಏಳನೆಯ ತರಗತಿಯಲ್ಲಿ ನಿನಗೆ ಪಾಠ ಹೇಳಿದವನು ನಾನು. ಬೆಲ್ ಹೊಡೆಯುವ ಮೊದಲೇ ಬಾಗಿಲಲ್ಲಿರುತ್ತಿದ್ದೆ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುತ್ತಿದ್ದೆ. ಆ ಶಿಸ್ತನ್ನೇ ತೋರಿಸಿ ಮತ ಕೇಳಿದೆ. ಮಾಷ್ಟ್ರು ಸುಳ್ಳು ಹೇಳುವವರಲ್ಲ ಎಂದು ಜನ ಐದು ಬಾರಿ ಆರಿಸಿ ಕಳಿಸಿದರು. ಅವರ ಪೆದ್ದುತನ ನೆನೆದರೆ ನಗು ಬರುತ್ತದೆ. ನನ್ನನ್ನು ನೆನೆದರೆ — ಅದೂ ಬರುವುದಿಲ್ಲ.

ಎರಡನೆಯ ಬಾರಿ ಶಾಸಕನಾಗಿದ್ದಾಗ ನಿನ್ನ ಉಮ್ಮ ಮನೆಗೆ ಬಂದರು. ಕುವೈತಿನಲ್ಲಿ ಅಂಗಡಿ ಕೆಲಸ ಎಂದು ಊರಿನ ಏಜೆಂಟ್ ನಿನ್ನನ್ನು ಕಳಿಸಿದ್ದ. ಇಳಿದ ಮೇಲೆ ಸುಲೈಬಿಯಾದ ಆಚೆ ಮರಳುಗಾಡಿನಲ್ಲಿ ಕುರಿ ಕಾಯಲು ಹಾಕಿದ್ದರು. ಪಾಸ್‌ಪೋರ್ಟು ಕಫೀಲನ, ಅಂದರೆ ಅಲ್ಲಿನ ಧಣಿಯ ಕೈಯಲ್ಲಿ. ಆ ಏಜೆಂಟನ ಬಗ್ಗೆ ಸದನಕ್ಕೆ ಪ್ರಶ್ನೆ ಕೊಟ್ಟೆ. ನನಗೆ ಬಂದ ಸಿಟ್ಟು ನಿಜವಾದದ್ದೇ. ಆದರೆ ಬಾಳಿಕೆ ಬರಲಿಲ್ಲ.

ಪ್ರಶ್ನೆಯ ಸರದಿಯ ಹಿಂದಿನ ಸಂಜೆ ಏಜೆಂಟ್ ಶಾಸಕರ ಭವನಕ್ಕೆ ಬಂದ. ನನ್ನ ಚುನಾವಣೆಯಲ್ಲಿ ಅರ್ಧ ಪೇಟೆಯ ಮತ ತಂದುಕೊಟ್ಟವನು ಅವನೇ.

"ಪ್ರಶ್ನೆ ಕೇಳ್ಬೇಡಿ ಅಂತ ನಾನು ಹೇಳುದಿಲ್ಲ ಮಾಷ್ಟ್ರೇ," ಎಂದ. "ಆ ಹೊತ್ತಿಗೆ ನಿಮಗೆ ಒಂದು ಚಾ ಕುಡೀಬೇಕು ಅಂತ ಆದ್ರೆ ಯಾರು ಎಂತ ಹೇಳ್ತಾರೆ? ಮನುಷ್ಯರಲ್ವಾ!"

ಸಭಾಧ್ಯಕ್ಷರು ಕರೆದಾಗ ಸದಸ್ಯ ಎದ್ದು ನಿಂತರಷ್ಟೇ ಮಂತ್ರಿ ಬಾಯಿಬಿಟ್ಟು ಉತ್ತರಿಸಬೇಕು. ಮರುದಿನ ನಾನು ಸದನದ ಹೊರಗೆ ಮೊಗಸಾಲೆಯಲ್ಲಿದ್ದೆ. ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ಎದ್ದು ಒಳಗೆ ಹೋಗಿದ್ದರೆ — ಹೋಗಲಿಲ್ಲ. ನಿನ್ನ ಉಮ್ಮನ ಗೋಳನ್ನು ಹೇಳಬೇಕಾಗಿದ್ದ ಬಾಯಿ ಬಿಸ್ಕತ್ತು ಅಗಿಯುತ್ತಿತ್ತು. 'ಇಂಥ ದೂರು ಬಂದಿಲ್ಲ' ಎಂಬ ಲಿಖಿತ ಉತ್ತರ ಮಂಡಿಸಿ ಮಂತ್ರಿಗಳು ಕೈತೊಳೆದುಕೊಂಡರು.

ಊರಿನಲ್ಲಿ ಆಕೆ ಕಾಯುತ್ತಿದ್ದರು. "ಕೇಳಿದ್ದೇನೆ ಆಯಿಶಮ್ಮ, ಸರ್ಕಾರ ನೋಡಿಕೊಳ್ತದೆ," ಎಂದೆ. ನನ್ನ ಅಂಗಳದಲ್ಲೇ ಎರಡೂ ಕೈಯೆತ್ತಿ ದುವಾ ಮಾಡಿದರು. ನಾಚಿಕೆಯಿಲ್ಲದೆ ಅದನ್ನೂ ತೆಗೆದುಕೊಂಡೆ. ಇನ್ನು ಯಾರ ಬಾಗಿಲನ್ನೂ ಆಕೆ ತಟ್ಟಲಿಲ್ಲ — ಮಾಷ್ಟ್ರು ಕೇಳಿದ್ದಾರಲ್ಲ! ನೀನು ನಿನ್ನ ಪಾಡಿಗೆ ಬಿಡುಗಡೆಯಾಗಿ ಬರುವಷ್ಟರಲ್ಲಿ ಅವರ ಮಯ್ಯತ್ತಿನ ದಫನವೂ ಮುಗಿದಿತ್ತು.

ಈಗ ಕುವೈತಿನ ಎಗೈಲಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಮತ್ತೆ ಇಲ್ಲಿಗೇ ಬಂದು ಅಂಗಡಿ ಇಟ್ಟುಕೊಂಡಿರುವ ನೀನೇ ನನ್ನನ್ನು ಹುಡುಕಿಕೊಂಡು ಬಂದೆ. ಕಳೆದ ಶುಕ್ರವಾರ ಕನ್ನಡಿಗರ ಸಭೆಯಲ್ಲಿ ನನಗೆ ಪೇಟ, ಶಾಲು, ಹಾರ. ನಾನು ಮಾಡಿದ ಕೆಲಸ ಯಾವುದೆಂದು ಒಬ್ಬನಿಗೂ ಗೊತ್ತಿರಲಿಲ್ಲ, ಚಪ್ಪಾಳೆಗೇನೂ ಕಡಿಮೆಯಿರಲಿಲ್ಲ. ನೀನು ಮೈಕ್ ಹಿಡಿದು, "ನಮ್ಮಂಥವರ ಬಗ್ಗೆ ಕೇಳಿದ್ದು ಇವರೊಬ್ರೇ. ಸಾಯುವವರೆಗೆ ಉಮ್ಮ ಇವರ ಹೆಸರು ಹೇಳ್ತಾ ಇದ್ರಂತೆ," ಎಂದೆ.

ನಾನು ಎದ್ದು ನಿಂತು ಹೇಳಿದೆ: "ಅದು ನನ್ನ ಕರ್ತವ್ಯವಾಗಿತ್ತು."

ಏಜೆಂಟ್ ಸತ್ತು ಎಷ್ಟೋ ಕಾಲವಾಗಿದೆ. ಕಳೆದುಕೊಳ್ಳಲು ಒಂದು ಮತವೂ ಇರಲಿಲ್ಲ. ಅಂದು ಹೆದರಿ ಸುಳ್ಳು ಹೇಳಿದ್ದೆ. ಮೊನ್ನೆ ಹೇಳಿದ್ದು ಬರೀ ರೂಢಿಯಿಂದ. ಯಾವುದು ಹೆಚ್ಚು ಹೇಸಿಗೆಯದು — ನೀನೇ ತೀರ್ಮಾನಿಸು.

ವಾಪಸು ಬರುವಾಗ ಕಾರಿನಲ್ಲಿ ನೀನು, "ಬರುವ ವಾರ ಊರಿಗೆ ಹೋಗ್ತೇನೆ. ಉಮ್ಮನ ಕಬರಿನ ಹತ್ರ ನಿಮ್ಮ ಸಲಾಂ ಹೇಳ್ಲಾ ಮಾಷ್ಟ್ರೇ?" ಎಂದು ಕೇಳಿದೆ. ಹೇಳು ಎಂದೆ ನಾನು.

ಬೇಡ ಹಮೀದ್. ನಾಳೆ ಬೆಳಿಗ್ಗೆ ನಿನ್ನ ಅಂಗಡಿಗೆ ಬಂದು, ಮುಖ ನೋಡಿಕೊಂಡೇ ಇದನ್ನೆಲ್ಲ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಅದನ್ನು ಕೊಡಬೇಕಾದವನು ನೀನೊಬ್ಬನೇ ಅಲ್ಲ. ಉಮ್ಮನ ಬಳಿ ಸಲಾಂ ಹೇಳಬೇಡ. ಮಾಷ್ಟ್ರು ಸದನದಲ್ಲಿ ಕೇಳಲೇ ಇಲ್ಲ ಎಂದು ಹೇಳು.