ಕೋಲಾಟದ ಸಮಯದಲ್ಲಿ ಸನ್ಮಾನ

"ರಾಯರೇ, ಪೊಲೀಸ್ ಚೀಫ್ ಬಾಕಿ ಇದ್ದಾರೆ, ಇನ್ನೊಂದು ಶಾಲು ತನ್ನಿ!" ಎಂದು ನಮ್ಮ ಕನ್ನಡ ಬಳಗದ ಅಧ್ಯಕ್ಷರು ವೇದಿಕೆಯಿಂದ ನನ್ನತ್ತ ಕೂಗಿದರು. ಅಮೆರಿಕದ ನ್ಯೂಜೆರ್ಸಿಯಲ್ಲಿ ಬ್ರಿಟಿಷರ ಕಾಲದಲ್ಲೇ ಹುಟ್ಟಿದ ನಮ್ಮ ಊರಿನ ಸ್ಥಾಪನಾ ದಿನದಂದು ಮಕ್ಕಳ ಕೋಲಾಟಕ್ಕೆಂದು ಹತ್ತು ನಿಮಿಷ ಕೊಟ್ಟಿದ್ದರು. ಆ ಹತ್ತು ನಿಮಿಷದಲ್ಲೇ ಮೇಯರ್‌ಗೆ ಮೈಸೂರು ಪೇಟ, ಕೌನ್ಸಿಲ್ ಸದಸ್ಯರಿಗೆಲ್ಲ ಹಾರ, ಪ್ರತಿಯೊಬ್ಬರೊಂದಿಗೂ ಅಧ್ಯಕ್ಷರ ಫೋಟೊ ಸಾಂಗವಾಗಿ ನೆರವೇರಿದವು. ಕೋಲು ಹಿಡಿದು ಕಾದಿದ್ದ ನನ್ನ ಮೊಮ್ಮಗಳು, "ತಾತ, ವೆನ್ ಈಸ್ ಅವರ್ ಟರ್ನ್?" ಎಂದು ಕೇಳುತ್ತಲೇ ಇದ್ದಳು.

ಸಮಯ ಮುಗಿಯಿತು. ಸನ್ಮಾನವನ್ನೇ ಕರ್ನಾಟಕದ ಜಾನಪದ ಕಲೆಯೆಂದು ತಿಳಿದ ಮೇಯರ್ ಮನಸಾರೆ ಹೊಗಳಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮುಂದಿನ ವರ್ಷವೂ ಅದನ್ನೇ ಪ್ರದರ್ಶಿಸಲು ಅಧ್ಯಕ್ಷರು ವಿನಯದಿಂದ ಒಪ್ಪಿದ್ದಾರೆ. ಮೊಮ್ಮಗಳ ಕೋಲುಗಳು ಇನ್ನೂ ನನ್ನ ಕಾರಿನ ಡಿಕ್ಕಿಯಲ್ಲೇ ಇವೆ.