ಮೂರನೆಯ ಕೋಣೆಯ ಅಂಚೆಯವರು

ಆರ್ಮಿಂಟಾ ಎನೋಳ ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆಗಳು ನಾಲ್ಕು. ಕ್ಯಾರಿಯಾಕೂ ದ್ವೀಪದ ವಿಂಡ್‌ವರ್ಡ್ ಹಳ್ಳಿಯಲ್ಲಿ ಆಗ ಅದೊಂದೇ ತಂಗುಮನೆ. ಯಾರಾದರೂ ಅದನ್ನು ಹೋಟೆಲ್ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಹೋಟ್ಲಲ್ಲಿ ನೀವು ಊಟ ಬಿಟ್ರೆ ಯಾರೂ ಕೇಳಲ್ಲ. ಇಲ್ಲಿ ನಾನು ಕೇಳ್ತೀನಿ," ಅನ್ನುತ್ತಿದ್ದಳು. ನಿಜವಾಗಿಯೂ ಕೇಳುತ್ತಿದ್ದಳು. ಕಾಲಿನ ಮರಳು ತೊಳೆಯದೆ ಒಳಗೆ ಬಂದವರನ್ನು, ಎಷ್ಟು ದೊಡ್ಡ ಮನುಷ್ಯರಾಗಿದ್ದರೂ, ಹೊಸಿಲಿನಿಂದಲೇ ನಲ್ಲಿಯ ಕಡೆಗೆ ಅಟ್ಟುತ್ತಿದ್ದಳು.

ನಾನು ಅವಳ ಚಿಕ್ಕಪ್ಪನ ಮಗಳು, ಥೇಡಾ. ಅವಳಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಆ ಮನೆಯ ಹಾಸಿಗೆ ಬಟ್ಟೆಗಳನ್ನು ಇಪ್ಪತ್ತು ವರ್ಷ ಒಗೆದವಳು ನಾನೇ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕಣ್ಣಾರೆ ಕಂಡದ್ದು.

ಅವಳ ಅಪ್ಪ ದೋಣಿ ಕಟ್ಟುವವನು. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಗಂಡ ಎಣ್ಣೆ ಬಾವಿಯ ಕೆಲಸಕ್ಕೆಂದು ಟ್ರಿನಿಡಾಡಿಗೆ ಹೋದ. ಎರಡು ವರ್ಷ ಕಾಗದ ಬಂತು. ಮೂರನೆಯ ವರ್ಷ ಅವನಿಗೆ ಅಲ್ಲಿ ಇನ್ನೊಂದು ಸಂಸಾರವಿದೆ ಎಂಬ ಸುದ್ದಿ ಬಂತು. ಆರ್ಮಿಂಟಾ ಒಂದು ವಾರ ಅತ್ತಳು. ಎಂಟನೆಯ ದಿನ ಅವನ ಬಟ್ಟೆಗಳನ್ನು ಚರ್ಚಿಗೆ ಕೊಟ್ಟು, ಖಾಲಿಯಾದ ಕೋಣೆಯಲ್ಲಿ ಎರಡು ಮಂಚ ಹಾಕಿಸಿ, ರಸ್ತೆಗೆ ಕಾಣುವಂತೆ ಹಲಗೆ ತೂಗುಹಾಕಿದಳು. ತಂಗುಮನೆ ಶುರುವಾದದ್ದು ಹಾಗೆ.

ಮಿಸ್ಟರ್ ಕಾರ್ಕಮ್ ಕೆನಡಾದ ಕಡಲತೀರದ ಒಂದು ಊರಿನವರು. ಅಲ್ಲಿ ಮೂವತ್ತೆಂಟು ವರ್ಷ ಅಂಚೆಯವರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ಬಂದರು. ಅದೂ ಸೇರಿ ಒಟ್ಟು ಹದಿನೇಳು ವರ್ಷ, ಪ್ರತಿ ಜನವರಿಯಲ್ಲೂ, ಅದೇ ಮೂರನೆಯ ಕೋಣೆಗೆ. ಎರಡು ತಿಂಗಳು ಇರುತ್ತಿದ್ದರು. ಸುಮ್ಮನೆ ಕೂರುವ ಜಾಯಮಾನವಲ್ಲ. ಕಿಟಕಿಯ ಚಿಲಕ, ಕುಂಟುವ ಕುರ್ಚಿ, ಸೋರುವ ನಲ್ಲಿ, ಏನನ್ನೂ ಬಿಡುತ್ತಿರಲಿಲ್ಲ. ಮಧ್ಯಾಹ್ನ ದೋಣಿ ಕಟ್ಟುವ ಓಸ್ವಿನ್ ಜೊತೆ ಬಾದಾಮಿ ಮರದ ಕೆಳಗೆ ಡಾಮಿನೋ ಆಡುತ್ತಿದ್ದರು. ಆರ್ಮಿಂಟಾಳನ್ನು ಹದಿನೇಳು ವರ್ಷವೂ "ಮೇಡಂ" ಎಂದೇ ಕರೆದರು.

ಓಸ್ವಿನ್ ಬಾಯಿ ಸುಮ್ಮನಿರುವುದಲ್ಲ. "ಮಿಂಟಾ, ಇಷ್ಟು ವರ್ಷ ಅವ್ರಿಗೆ ಮೀನು ಹುರಿದು ಹಾಕಿದೀಯ. ಪಾದ್ರೀನ ಕರೆಸಿ ಮುಗಿಸ್ಬಾರ್ದಾ?" ಅನ್ನುತ್ತಿದ್ದ.

"ಮೊದ್ಲು ನಿನ್ ದೋಣಿ ಮುಗಿಸೋ. ನಾಲ್ಕು ವರ್ಷದಿಂದ ಪಕ್ಕೆಲುಬು ಬಿಟ್ಕೊಂಡು ನಿಂತಿದೆ, ಪಾಪ," ಎಂದು ಇವಳು ತಿರುಗಿಸಿ ಕೊಡುತ್ತಿದ್ದಳು.

ಅವರಿಬ್ಬರ ನಡುವೆ ಏನಿತ್ತು ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ನಾನು ಕಂಡದ್ದು ಇಷ್ಟು: ಬೆಳಿಗ್ಗೆ ಅವರು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕೋಕೋ ಚಹಾ ಕುಡಿಯುತ್ತಿದ್ದರು, ಇವಳು ಒಳಗೆ ತೊಗರಿಕಾಯಿ ಬಿಡಿಸುತ್ತಿದ್ದಳು. ಮಾತೂ ಇರುತ್ತಿರಲಿಲ್ಲ.

ಹದಿನೆಂಟನೆಯ ಸಲ ಅವರು ಜನವರಿಗೆ ಕಾಯದೆ ನವೆಂಬರಿನಲ್ಲೇ ಬಂದುಬಿಟ್ಟರು. ಕಾಗದವಿಲ್ಲ, ಫೋನಿಲ್ಲ. ನಮ್ಮ ಬಿಸಿಲಿನಲ್ಲಿ ದಪ್ಪ ಉಣ್ಣೆಯ ಕೋಟು ತೊಟ್ಟು, ಬೆವರು ಸುರಿಸುತ್ತಾ ಮಿನಿಬಸ್ಸಿನಿಂದ ಇಳಿದರು. ನಾನು ಚೀಲ ಬಿಚ್ಚಿದೆ. ಒಳಗೆ ಹನ್ನೊಂದು ಜೊತೆ ಕಾಲುಚೀಲ ಮತ್ತು ಒಂದು ಮೇಜಿನ ಗಡಿಯಾರ. ಒಂದು ಅಂಗಿಯೂ ಇರಲಿಲ್ಲ.

ಆರ್ಮಿಂಟಾ ನನ್ನ ಮುಖ ನೋಡಿದಳು. "ವಯಸ್ಸಾಯ್ತಲ್ಲ ಥೇಡಾ, ಮರ್ತಿರ್ತಾರೆ," ಅಂದಳು. ಅವಳೇ ಪಟ್ಟಣಕ್ಕೆ ಹೋಗಿ ಎರಡು ಅಂಗಿ ತಂದಳು.

ಮೂರನೆಯ ದಿನ ಅವರು ನನ್ನನ್ನು ಪಡಸಾಲೆಯಲ್ಲಿ ತಡೆದು, "ನನ್ನ ಹೆಂಡ್ತಿ ಎದ್ಲಾ?" ಎಂದು ಮೆಲ್ಲಗೆ ಕೇಳಿದರು. ನಾನು ಕೈಯಲ್ಲಿದ್ದ ಚಾದರ ಅಲ್ಲೇ ಇಟ್ಟು ಆರ್ಮಿಂಟಾಳನ್ನು ಕರೆಯಲು ಹೋದೆ.

ಅದಾಗಿ ಒಂದು ವಾರಕ್ಕೆ ಅಂಚೆ ಶುರುವಾಯಿತು. ಕೈಗೆ ಸಿಕ್ಕ ಕಾಗದವನ್ನೆಲ್ಲ ಅವರು ಕೂಡಿಡುತ್ತಿದ್ದರು: ಹಳೆಯ ಕ್ಯಾಲೆಂಡರ್ ಹಾಳೆ, ಚರ್ಚಿನ ಹಾಡಿನ ಚೀಟಿ, ಸಕ್ಕರೆಯ ಪೊಟ್ಟಣದ ಕಾಗದ. ಬೆಳಿಗ್ಗೆ ಎಂಟಕ್ಕೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಪ್ರತಿ ಮನೆಯ ಬಾಗಿಲು ತಟ್ಟಿ, ಒಂದೊಂದು ಕಾಗದ ಕೊಟ್ಟು, ಟೋಪಿ ಎತ್ತಿ ಮುಂದಿನ ಮನೆಗೆ. ನಮ್ಮ ಹಳ್ಳಿಯವರು ಬಾಯಿಬಡುಕರು ನಿಜ, ಆದರೆ ಕೆಟ್ಟವರಲ್ಲ. ಕಾಗದ ತೆಗೆದುಕೊಂಡು "ಥ್ಯಾಂಕ್ಸ್, ಪೋಸ್ಟ್‌ಮ್ಯಾನ್" ಅನ್ನುತ್ತಿದ್ದರು. ಓಸ್ವಿನ್‌ಗೆ ಬಂದದ್ದು ಒಂದು ಸೋಪಿನ ಹೊದಿಕೆ. ಅದನ್ನು ಓದಿದಂತೆ ಮಾಡಿ, "ನನ್ ತಂಗಿ ಬರ್ದಿದಾಳೆ. ಎಲ್ಲ ಚೆನ್ನಾಗಿದಾರಂತೆ," ಅಂದ. ಮಿಸ್ಟರ್ ಕಾರ್ಕಮ್ ಮುಖ ಅರಳಿತು. ಅವರು ಅತ್ತ ತಿರುಗಿದ ಮೇಲೆ ಓಸ್ವಿನ್ ಡಾಮಿನೋ ಬಿಲ್ಲೆಗಳನ್ನು ಡಬ್ಬಿಗೆ ತುಂಬಿಟ್ಟ. ಆಟವನ್ನು ಅವರು ಆಗಲೇ ಮರೆತಿದ್ದರು.

ಆರ್ಮಿಂಟಾ ಕೆನಡಾದ ಅವರ ಮನೆಯ ಹಳೆಯ ನಂಬರಿಗೆ ಫೋನ್ ಮಾಡಿದಳು; ಹೋಗಲಿಲ್ಲ. ಕೋಟಿನ ಒಳಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು, ಅದರಲ್ಲಿ ಡೀನ್ ಎಂಬ ಹೆಸರು, ಒಂದು ಫೋನ್ ನಂಬರು. ಅವರ ಅಣ್ಣನ ಮಗ. ಫೋನಿನಲ್ಲಿ ಅವನು ಮೊದಲು ಅತ್ತೇಬಿಟ್ಟ. ಮೂರು ವಾರದಿಂದ ಪೊಲೀಸರು ಹುಡುಕುತ್ತಿದ್ದರಂತೆ. ವೃದ್ಧಾಶ್ರಮಕ್ಕೆ ಸೇರಿಸುವ ಹಿಂದಿನ ದಿನ ಮನೆಯಿಂದ ಮಾಯವಾಗಿದ್ದರಂತೆ. ಎರಡು ವಿಮಾನ, ಒಂದು ಹಡಗು, ಒಂದು ಮಿನಿಬಸ್ಸು. ಹೆಂಡತಿ ಸತ್ತದ್ದು ನೆನಪಿಲ್ಲದ ಮನುಷ್ಯ ಅಷ್ಟು ದೂರ ದಾರಿ ತಪ್ಪದೆ ಬಂದಿದ್ದರು.

"ಹೊಸ ವರ್ಷ ಆದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ. ಅಲ್ಲೀವರ್ಗೂ ದಯವಿಟ್ಟು ನೋಡ್ಕೊಳ್ಳಿ," ಅಂದ ಡೀನ್.

ಹೊಸ ವರ್ಷ ಬಂತು, ಅವನು ಬರಲಿಲ್ಲ. ಕೋರ್ಟಿನ ಕಾಗದ ಆಗಬೇಕು ಅಂದ. ಫೆಬ್ರವರಿಯಲ್ಲಿ ಅವನ ಹೆಂಡತಿಗೆ ಆಪರೇಷನ್. ಸುಳ್ಳು ಹೇಳುತ್ತಿದ್ದ ಎಂದು ನನಗನ್ನಿಸಲಿಲ್ಲ. ಆದರೆ ಇಲ್ಲಿ ದಿನ ನಿಲ್ಲುವುದಿಲ್ಲವಲ್ಲ.

ಮಿಸ್ಟರ್ ಕಾರ್ಕಮ್ ಅವರ ವಾಸದ ಪರವಾನಗಿ ಮುಗಿಯಿತು. ಅದನ್ನು ವಿಸ್ತರಿಸಲು ನಾವಿಬ್ಬರೂ ಪಟ್ಟಣದ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಸಭ್ಯನೇ.

"ಇವ್ರಿಗೆ ನೀವು ಏನಾಗ್ಬೇಕು, ಮಿಸ್ ಎನೋ?"

"ನಮ್ಮನೇಲಿ ಇಳ್ಕೋತಾರೆ."

"ಅದಲ್ಲಮ್ಮ. ಸಂಬಂಧ?"

ಆರ್ಮಿಂಟಾ ಕೈಚೀಲದ ಗುಂಡಿಯನ್ನು ಹಾಕುತ್ತಾ ತೆಗೆಯುತ್ತಾ ಕೂತಳು. ಕೊನೆಗೆ ಅವನೇ ಒಂದು ತಿಂಗಳಿಗೆ ಮುದ್ರೆ ಒತ್ತಿಕೊಟ್ಟ. ಆಸ್ಪತ್ರೆಯ ನರ್ಸ್ ಕೇಳಿದ್ದೂ ಅದೇ ಪ್ರಶ್ನೆ. ಮನೆಯವರ ಸಹಿ ಇಲ್ಲದೆ ಔಷಧ ಬದಲಾಯಿಸುವುದಕ್ಕೆ ಆಗುವುದಿಲ್ಲ ಅಂದಳು.

ಉಳಿದ ಕೋಣೆಗಳು ಒಂದೊಂದಾಗಿ ಖಾಲಿಯಾದವು. ಸ್ನಾನ ಮಾಡುತ್ತಿದ್ದ ಜರ್ಮನ್ ಹೆಂಗಸಿನ ಬಾಗಿಲು ತಳ್ಳಿ ಮಿಸ್ಟರ್ ಕಾರ್ಕಮ್ ಕಾಗದ ಕೊಡಲು ಹೋದರು; ಅವಳು ಕಿರುಚಿದಳು, ಮಧ್ಯಾಹ್ನಕ್ಕೆ ಗಂಡನ ಜೊತೆ ಹೊರಟುಹೋದಳು. ತಪ್ಪು ಯಾರದ್ದು? ಯಾರದ್ದೂ ಅಲ್ಲ.

"ಅಕ್ಕಾ, ಹೀಗೇ ಆದ್ರೆ ಹೆಂಗೆ?" ಅಂದೆ ನಾನು.

"ನಂಗೇನು ಗೊತ್ತು? ನೀನೇ ಹೇಳು. ಬೀದೀಗೆ ಬಿಡ್ಲಾ?"

ನಾನು ಹಾಸಿಗೆ ಬಟ್ಟೆ ಒಣಹಾಕಲು ಹೊರಗೆ ಹೋದೆ.

ಮಾರ್ಚಿನ ಒಂದು ಬೆಳಿಗ್ಗೆ ಅವರು ಅಂಚೆಗೆ ಹೋದವರು ಹತ್ತಾದರೂ ಬರಲಿಲ್ಲ. ಹಳ್ಳಿಯೆಲ್ಲ ಹುಡುಕಿತು. ತೀರದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಆಚೆ, ಎದೆಮಟ್ಟದ ನೀರಿನಲ್ಲಿ, ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು. ಎದುರಿನ ಪುಟ್ಟ ದ್ವೀಪದ ಕಡೆಗೆ ಕೈ ತೋರಿಸಿ, "ಆ ಮನೇದು ಉಳ್ಕೊಂಡಿದೆ," ಅಂದರು. ಓಸ್ವಿನ್ ಬಟ್ಟೆಯಲ್ಲೇ ನೀರಿಗಿಳಿದು ಕೈಹಿಡಿದು ಕರೆತಂದ. ದಡಕ್ಕೆ ಬಂದಾಗ ಅವರಿಗಿಂತ ಅವನೇ ಹೆಚ್ಚು ನಡುಗುತ್ತಿದ್ದ.

ಅಂದು ಮಧ್ಯಾಹ್ನ ಆರ್ಮಿಂಟಾ ಮೂರನೆಯ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದಳು. ಓಸ್ವಿನ್ ಮೊಳೆ ಹೊಡೆಯುವಾಗ ಅವಳು ಆ ಕಡೆ ನೋಡಲೂ ಇಲ್ಲ. ಮರುದಿನ ಎಂಟು ಗಂಟೆಗೆ ಒಳಗಿನಿಂದ ಬಾಗಿಲು ತಟ್ಟಿದ ಸದ್ದು. ಜೋರಾಗಿ ಅಲ್ಲ, ಅಂಚೆಯವರು ತಟ್ಟುವ ಹಾಗೆ, ಮೂರು ಸಲ.

"ಮೇಡಂ, ಅಂಚೆ ತಡ ಆಗ್ತಿದೆ."

ಇವಳು ಒಲೆಯ ಮೇಲೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ತೊಳಸುತ್ತಿದ್ದಳು. ಸೌಟು ನಿಲ್ಲಲಿಲ್ಲ.

"ಮೇಡಂ, ಜನ ಕಾಯ್ತಿರ್ತಾರೆ."

"ಇವತ್ತು ರಜಾ, ಮಿಸ್ಟರ್ ಕಾರ್ಕಮ್," ಎಂದು ಅಡುಗೆಮನೆಯಿಂದಲೇ ಕೂಗಿದಳು. ಮುದ್ದೆ ತಳ ಹಿಡಿಯಿತು. ನಾನು ಸೌಟು ಕಿತ್ತುಕೊಂಡು ನೋಡಿದರೆ ಅವಳ ಕಣ್ಣಿನಿಂದ ನೀರು ಗಲ್ಲಕ್ಕಿಳಿದು ಪಾತ್ರೆಯೊಳಗೆ ಬೀಳುತ್ತಿತ್ತು. ಮೂವತ್ತೈದು ವರ್ಷದಲ್ಲಿ ಆ ಮನೆಯ ಯಾವ ಅತಿಥಿಯ ಕೋಣೆಗೂ ಅವಳು ಹೊರಗಿನಿಂದ ಚಿಲಕ ಹಾಕಿರಲಿಲ್ಲ. ಆಮೇಲೆ ದಿನಕ್ಕೆರಡು ಸಲ ಚಿಲಕ ತೆಗೆದು, ತಾನೇ ಅವರ ಕೈ ಹಿಡಿದು ರಸ್ತೆಯ ತುದಿಯವರೆಗೆ ನಡೆಸಿಕೊಂಡು ಬರುತ್ತಿದ್ದಳು. ಮಂಡಿ ನೋವಿನ ಹೆಂಗಸು. ಮೂರು ಮನೆಗೆ ಕಾಗದ ಕೊಡುವಷ್ಟರಲ್ಲಿ ಇಬ್ಬರಿಗೂ ಸುಸ್ತು.

ಏಪ್ರಿಲ್‌ನಲ್ಲಿ ಡೀನ್ ಬಂದ, ಜೊತೆಗೆ ಒಬ್ಬ ಗಂಡು ನರ್ಸ್. ಡೀನ್ ನಲವತ್ತು ದಾಟಿದ, ಕಣ್ಣ ಕೆಳಗೆ ಕಪ್ಪಾಗಿದ್ದ ಮನುಷ್ಯ. ಮೇಜಿನ ಮೇಲೆ ಕೋರ್ಟಿನ ಕಾಗದ ಇಟ್ಟ. ಆರ್ಮಿಂಟಾ ಅದನ್ನು ಮುಟ್ಟದೆ, ಹುರಿದ ಮೀನಿನ ತಟ್ಟೆಯನ್ನು ಅವನ ಮುಂದೆ ಸರಿಸಿದಳು.

"ಇಲ್ಲೇ ಇರ್ಲಿ ಬಿಡಪ್ಪ," ಅಂದಳು. "ಊರೋರಿಗೆಲ್ಲ ಗೊತ್ತಿರೋ ಮನುಷ್ಯ. ಇಲ್ಲಿ ಅವ್ರಿಗೊಂದು ಕೆಲ್ಸ ಇದೆ. ನಾನು ನೋಡ್ಕೋತೀನಿ."

"ನೀವು ಮಾಡಿದ್ದನ್ನ ಸ್ವಂತದೋರೂ ಮಾಡ್ತಿರ್ಲಿಲ್ಲ, ಮಿಸ್ ಎನೋ. ಆದ್ರೆ ಸಮುದ್ರದಲ್ಲಿ ಏನಾದ್ರೂ ಆಗಿದ್ರೆ? ಜವಾಬ್ದಾರಿ ಯಾರ್ದು?"

ಅವಳು ಚಿಲಕದ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದಳು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಬೈಯುವುದಕ್ಕೂ ಒಂದು ತಪ್ಪು ಸಿಗಲಿಲ್ಲ ಅವಳಿಗೆ.

ಮರುದಿನ ಬೆಳಿಗ್ಗೆ ಪಟ್ಟಣದ ಹಡಗುಕಟ್ಟೆಗೆ ನಾವೂ ಹೋದೆವು. ಮಿಸ್ಟರ್ ಕಾರ್ಕಮ್ ಹೊಸ ಅಂಗಿ ತೊಟ್ಟು, ಚೀಲ ಹಿಡಿದು, ಉಲ್ಲಾಸದಿಂದಿದ್ದರು. ಹಡಗು, ಚೀಲ, ಜನ ನೋಡಿ ತಾವು ಆಗಷ್ಟೇ ಬಂದಿಳಿದದ್ದು ಎಂದುಕೊಂಡರೋ ಏನೋ. ಆರ್ಮಿಂಟಾಳನ್ನು ಕಂಡು ಟೋಪಿ ಎತ್ತಿದರು.

"ಮೂರನೇ ಕೋಣೆ ಖಾಲಿ ಇದೆಯಾ, ಮೇಡಂ?"

ಅವಳು "ಇದೆ," ಅಂದಳು.

"ಹಾಗಾದ್ರೆ ನಡೀರಿ," ಎಂದು ರಸ್ತೆಯ ಕಡೆಗೆ ಹೊರಟೇಬಿಟ್ಟರು. ನರ್ಸ್ ಬಂದು ತೋಳು ಹಿಡಿದ. ಅಷ್ಟು ಹೊತ್ತಿಗೆ ಹಡಗು ಕೂಗಿತು. ಅವರು ಹಿಂದೆ ತಿರುಗಿದರು, ಏನೋ ಅರ್ಥವಾಯಿತು. ಕಟ್ಟೆಯ ಕಬ್ಬಿಣದ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಕೂಗಾಟವಿಲ್ಲ, ಬೈಗುಳವಿಲ್ಲ. ಇಬ್ಬರು ಗಂಡಸರು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಡೀನ್ ಅಳುತ್ತಲೇ ಬಿಡಿಸಿದ. ಆರ್ಮಿಂಟಾ ನನ್ನ ಮೊಣಕೈ ಹಿಡಿದಿದ್ದಳು. ಆ ಹಿಡಿತದ ಗುರುತು ಎರಡು ದಿನ ನನ್ನ ಕೈಯಲ್ಲಿತ್ತು. ಅವಳು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಯಾವ ಹಕ್ಕಿನ ಮೇಲೆ ಇಡುವುದು?

ಮೇ ತಿಂಗಳಲ್ಲಿ ಅವಳು ಕೆನಡಾದ ಆ ವೃದ್ಧಾಶ್ರಮಕ್ಕೆ ಎರಡು ಸಲ ಫೋನ್ ಮಾಡಿದಳು. ಮನೆಯವರಿಗೆ ಬಿಟ್ಟು ಬೇರೆಯವರಿಗೆ ಏನೂ ಹೇಳುವಂತಿಲ್ಲ ಎಂದು ಆ ಕಡೆಯ ಹುಡುಗಿ ನಯವಾಗಿಯೇ ಹೇಳಿದಳು. ಮತ್ತೆ ಮಾಡಲಿಲ್ಲ. ಕೋಣೆಗಳು ಮೆಲ್ಲಗೆ ತುಂಬಿದವು. ಚಿಲಕವನ್ನು ಓಸ್ವಿನ್ ಕಿತ್ತುಹಾಕಿದ.

ಅಕ್ಟೋಬರ್ ಕೊನೆಗೆ ಡೀನ್‌ನಿಂದ ಕಾಗದ ಬಂತು. ಐದು ಸಾಲು. ಆಗಸ್ಟಿನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರಂತೆ, ಹೆಚ್ಚು ನರಳಲಿಲ್ಲವಂತೆ. ಯಾವ ತಾರೀಕು ಎಂದು ಬರೆದಿರಲಿಲ್ಲ. ಆರ್ಮಿಂಟಾ ಅದನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ಒಂದನೆಯ ಕೋಣೆಯವರು ಊಟಕ್ಕೆ ಕಾಯುತ್ತಿದ್ದರು. ಬಡಿಸಿದಳು, ಸಾಕಾಯಿತಾ ಎಂದು ಕೇಳಿದಳು.

ಎರಡು ದಿನಕ್ಕೆ ಸತ್ತವರ ಹಬ್ಬ. ಅಂದು ಸಂಜೆ ನಮ್ಮ ಹಳ್ಳಿಯಲ್ಲಿ ಎಲ್ಲರೂ ತಮ್ಮ ತಮ್ಮವರ ಗೋರಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಅವಳು ಅಪ್ಪನಿಗೆ ಹಚ್ಚಿದಳು, ಅವ್ವನಿಗೆ ಹಚ್ಚಿದಳು. ಕೈಯಲ್ಲಿ ಇನ್ನೊಂದು ಬತ್ತಿ ಉಳಿದಿತ್ತು. ಅದನ್ನು ಹಿಡಿದುಕೊಂಡು ಗೋರಿಗಳ ನಡುವೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ನಡೆದಳು. ಸುತ್ತಲೂ ಜನ ತಮ್ಮ ತಮ್ಮ ಕಲ್ಲುಗಳ ಮುಂದೆ ಕೂತು ಮಾತಾಡುತ್ತಿದ್ದರು, ನಗುತ್ತಿದ್ದರು.

"ಇದನ್ನ ಎಲ್ಲಿಡ್ಲೇ, ಥೇಡಾ?"

ಮಿಸ್ಟರ್ ಕಾರ್ಕಮ್ ಗೋರಿ ಕಡಲಾಚೆ ಎಲ್ಲೋ ಇತ್ತು. ಗಾಳಿ ಜೋರಾಗಿತ್ತು. ಬತ್ತಿಯನ್ನು ಹಚ್ಚದೆಯೇ ಮನೆಗೆ ತಂದೆವು.