ಗಾಂಜಾ ಕುಂಡಗಳ ಹಳದಿ ಎಲೆ ಓದುವ ಬುವಾಲೈ

ಸೂರ್ಯ ಇನ್ನೂ ಹುಟ್ಟಿಲ್ಲ. ಅಂಟಕ್ಕಿ ಹಬೆಯಲ್ಲಿ ಬೇಯುವ ವಾಸನೆ ಊರಿಡೀ ಹರಡಿದೆ. ಪಕ್ಕಕ್ಕೆ ಗಾಡಿ ಕಟ್ಟಿದ ಬೈಕೊಂದು ಮುದುಕಿ ಖಮ್ಪೊಂಗ್ ಅವರ ಅಂಗಳಕ್ಕೆ ಬಂದು ನಿಲ್ಲುತ್ತದೆ. ಬೈಕಿನಿಂದ ಇಳಿದ ಹೆಂಗಸು ಹಿತ್ತಲಿನ ನೆರಳುಬಲೆಯ ಚಪ್ಪರಕ್ಕೆ ನುಗ್ಗಿ, ಅಲ್ಲಿ ಕಾದಿದ್ದ ಸವೆಂಗ್ ಅವರ ಕೈ ಸ್ವಿಚ್ಚಿನತ್ತ ಹೋಗುವುದನ್ನು ತಡೆಯುತ್ತಾರೆ.

“ಲೈಟ್ ಹಾಕ್ಬೇಡಿ. ಬಲ್ಬಿನ ಬೆಳಕಲ್ಲಿ ಎಲ್ಲಾ ಎಲೇನೂ ಹಳದೀನೇ. ಬೆಳಗಾಗ್ಲಿ.”

ಎಲೆಯ ನಿಜವಾದ ಬಣ್ಣ ಕಾಣುವುದು ಬೆಳಕು ಹರಿದು ಬಿಸಿಲು ಬೀಳುವುದಕ್ಕೆ ಮುಂಚಿನ ಆ ಸ್ವಲ್ಪ ಹೊತ್ತಿನಲ್ಲಿ ಎಂದು ಬುವಾಲೈ ನಂಬಿದ್ದಾರೆ. ಹಾಗಾಗಿ ದಿನವೂ ಕತ್ತಲಲ್ಲೇ ಮನೆ ಬಿಡುತ್ತಾರೆ. ಬೈಕಿನ ಪಕ್ಕದ ಗಾಡಿಯಲ್ಲಿ ಒಂದು ಬಕೆಟ್ಟು, ಒಂದು ಭೂತಗನ್ನಡಿ, ಐಸ್‌ಕ್ರೀಮಿನ ಖಾಲಿ ಡಬ್ಬಿಗಳು, ನೀರಿನ ಹುಳಿ ಅಳೆಯುವ ಪೆನ್ನಿನಂಥ ಒಂದು ಸಾಧನ. ಬ್ಯಾಂಕಾಕಿನಿಂದ ದೂರದ ಈಸಾನ್ ಸೀಮೆಯ ಈ ಹಳ್ಳಿಗಳಲ್ಲಿ ಜಿಲ್ಲಾ ಆಸ್ಪತ್ರೆಯ ಔಷಧಕ್ಕೆಂದು ಪರವಾನಗಿ ಪಡೆದು ಕುಂಡಗಳಲ್ಲಿ ಗಾಂಜಾ ಬೆಳೆಯುವ ಗುಂಪುಗಳಿವೆ. ಯಾರ ಗಿಡದ ಎಲೆ ಬಣ್ಣ ತಿರುಗಿದರೂ ಫೋನು ಬರುವುದು ಇವರಿಗೆ. ಮೂವತ್ತಕ್ಕೂ ಹೆಚ್ಚು ಚಪ್ಪರಗಳನ್ನು ಇವರೊಬ್ಬರೇ ಸುತ್ತುತ್ತಾರೆ. ಗುಂಪಿನಿಂದ ಪೆಟ್ರೋಲು ಸಿಗುತ್ತದೆ, ಮನೆಗಳಿಂದ ಮೊಟ್ಟೆ, ಬಾಳೆಹಣ್ಣು ಸಿಗುತ್ತವೆ. ಇವರ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ.

ಬೆಳಕು ಬರುತ್ತದೆ. ಗೋಡೆ ಬದಿಯ ಒಂದು ಸಾಲು ಕುಂಡಗಳು ಮಾತ್ರ ಕೆಟ್ಟಿವೆ. ನಡುವಿನ ಎಲೆಗಳಲ್ಲಿ ನರಗಳು ಹಸಿರಾಗಿವೆ, ನರಗಳ ನಡುವೆಲ್ಲ ಹಳದಿ. ಅಂಚು ಸುಟ್ಟ ಹಾಗೆ ಕಂದು. ಮೇಲಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ. ಉಳಿದ ಸಾಲುಗಳು ಕಡುಹಸಿರಾಗಿ ನಿಂತಿವೆ.

“ಹಸಿವು ಕಣಮ್ಮ,” ಎನ್ನುತ್ತಾರೆ ಗುಂಪಿನ ಮುಖ್ಯಸ್ಥ ಸವೆಂಗ್. “ಸಗಣಿನೀರು ಬಿಟ್ಬಿಡೋಣ.”

“ಹಸಿದ ಗಿಡ ಕೆಳಗಿನ ಎಲೆಯಿಂದ ಬಿಳಚ್ಕೊಳ್ಳುತ್ತೆ ಸವೆಂಗಣ್ಣ, ಇಡೀ ಎಲೆ ಒಂದೇ ಸಮ. ಇಲ್ಲಿ ನರ ಹಸಿರಾಗೇ ಇದೆ ನೋಡಿ. ಇದಕ್ಕೆ ತಟ್ಟೇಲಿ ಊಟ ಇದೆ, ಗಂಟಲಲ್ಲಿ ಇಳೀತಿಲ್ಲ.”

“ಹೋದ್ವರ್ಷ ನನ್ನ ಗಿಡಕ್ಕೂ ನೀನು ಹಿಂಗೇ ಏನೋ ಕತೆ ಹೇಳಿ ಮಣ್ಣುಪಾಲು ಮಾಡ್ದೆ.”

“ಮಾಡ್ದೆ. ಅದನ್ನ ಮರೆಯೋಕೆ ಬಿಡ್ತೀರಾ ನೀವು!”

ಮರೆಯುವಂಥದ್ದಲ್ಲ ಅದು. ನೀರು ನಿಂತು ಬೇರು ಕೊಳೆಯುತ್ತಿದ್ದ ಸವೆಂಗ್ ಅವರ ಗಿಡಗಳನ್ನು ನೋಡಿ ಬುವಾಲೈ ಗೊಬ್ಬರ ಸಾಲದು ಎಂದಿದ್ದರು. ಗಿಡಗಳು ಉಳಿಯಲಿಲ್ಲ. ಅಂದಿನಿಂದ ಬಾಯಿಗಿಂತ ಮೊದಲು ಬೆರಳು ಮಣ್ಣಿಗೆ ಹೋಗುತ್ತದೆ.

ಬಣ್ಣದ ಜೊತೆಗಿನ ಅವರ ನಂಟು ಹಳೆಯದು. ಇಪ್ಪತ್ತು ವರ್ಷ ಬ್ಯಾಂಕಾಕಿನ ಒಂದು ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಚ್ಚುವುದೇ ಅವರ ಕೆಲಸವಾಗಿತ್ತು. ಕನ್ನಡಿಯ ಮುಂದೆ ಕೂತವರು ತೋರಿಸಿದ ಚಿತ್ರದ ಬಣ್ಣವನ್ನು ಬಟ್ಟಲಲ್ಲಿ ಕಲಸುತ್ತಿದ್ದರು. ಕೊನೆಕೊನೆಗೆ ಅದೇ ಬಣ್ಣ ಅವರ ಕೈಗೆ ತಿರುಗಿಬಿತ್ತು. ಚರ್ಮ ಬಿರಿದು, ಬೆರಳು ಮಡಚಲಾರದಂತಾಗಿ ಊರಿಗೆ ಮರಳಿದರು. ಬೆರಳ ಸಂದಿಯ ಕಲೆಗಳು ಇನ್ನೂ ಇವೆ. ಗುಂಪು ಸೇರಿ ಮೊದಲ ಸಲ ಬೆಳೆದ ಸ್ವಂತ ಗಿಡಗಳು ಅತಿ ಗೊಬ್ಬರಕ್ಕೆ ಸುಟ್ಟವು. ಆಸ್ಪತ್ರೆಯವರು ನಡೆಸಿದ ತರಬೇತಿಗೆ ಹೋಗಿ ಕೂತರು. ಅಲ್ಲಿ ಪರದೆಯ ಮೇಲೆ ಎಲೆಗಳ ಚಿತ್ರ ಬಂದಾಗ ಉಳಿದವರಿಗೆ ಎಲ್ಲವೂ ಹಳದಿ. ಇವರಿಗೆ ನಾಲ್ಕು ಬಗೆಯ ಹಳದಿ ಕಂಡಿತು.

ಹಾದಿಯ ಕಷ್ಟಗಳೂ ಇವೆ. ಒಮ್ಮೆ ಚೀಲದ ತುಂಬ ರೋಗದ ಎಲೆ ಇಟ್ಟುಕೊಂಡು ಹೋಗುವಾಗ ಪೊಲೀಸರು ನಿಲ್ಲಿಸಿದರು. ಗುರುತಿನ ಚೀಟಿ ತೋರಿಸಿ, ಎಲೆ ಒಂದೊಂದನ್ನೂ ಬಿಡಿಸಿ ಹೇಳಿದ್ದಾಯಿತು. “ಸಾಹೇಬ್ರು ಎಲ್ಲಾ ಕೇಳಿಸ್ಕೊಂಡ್ರು. ಆಮೇಲೆ ಮೆಲ್ಲಗೆ, ನಮ್ಮನೆ ಮೆಣಸಿನಗಿಡ ಮುದುರ್ಕೊಳ್ತಿದೆ, ಏನ್ ಮಾಡ್ಲಿ ಅಂದ್ರು,” ಎಂದು ನಗುತ್ತಾರೆ.

ಇವತ್ತು ನಗುವ ಹೊತ್ತಲ್ಲ. ಮುಂದಿನ ವಾರ ಆಸ್ಪತ್ರೆಯ ಫಾರ್ಮಸಿಸ್ಟ್ ಪಿಯಾನುಚ್ ಈ ಚಪ್ಪರ ನೋಡಲು ಬರುತ್ತಾರೆ. ಗಿಡಕ್ಕೆ ರೋಗವಿದ್ದರೆ, ಇಲ್ಲವೇ ಕೀಟನಾಶಕ ಬಿದ್ದಿದ್ದರೆ, ಇಡೀ ಚಪ್ಪರದ ಬೆಳೆಯನ್ನು ತೆಗೆದುಕೊಳ್ಳದೆ ಬಿಟ್ಟುಬಿಡುತ್ತಾರೆ. ಈ ಬೆಳೆಯಿಂದ ತೆಗೆಯುವ ಎಣ್ಣೆಗಾಗಿ ಕಾಯುತ್ತಿರುವವರಲ್ಲಿ ಒಬ್ಬಳು ಇದೇ ಮನೆಯ ಜಗಲಿಯಲ್ಲಿ, ಬಿದಿರಿನ ಮಂಚದ ಮೇಲೆ ಮಲಗಿದ್ದಾಳೆ. ಅವಳು ರುಂಗ್‌ನಪಾ, ಖಮ್ಪೊಂಗ್ ಅವರ ಕಿರಿಮಗಳು. ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿದೆ. ಡಾಕ್ಟರು ಬರೆದುಕೊಟ್ಟ ಆ ಎಣ್ಣೆಯ ಹನಿ ಹಾಕಿಕೊಂಡ ದಿನ ತಿಂದ ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ದಾಸ್ತಾನು ಮುಗಿಯುತ್ತ ಬಂದಿದೆ.

“ಇರುವೆ ನೋಡು,” ಸವೆಂಗ್ ಕುಂಡದ ಅಂಚು ತೋರಿಸುತ್ತಾರೆ. “ಇರುವೆ ಇದ್ಮೇಲೆ ಸಿಹಿ ಒಸರೋ ಗಿಡದ ಹೇನು ಇರ್ಲೇಬೇಕು.”

ಬುವಾಲೈ ಎಲೆಗಳನ್ನು ಮಗುಚಿ ಭೂತಗನ್ನಡಿ ಹಿಡಿಯುತ್ತಾರೆ. ಹೇನಿಲ್ಲ, ಎಲೆಯ ರಸ ಹೀರುವ ಜೇಡನುಸಿಯೂ ಇಲ್ಲ. ಮಳೆನೀರಿನ ಗುಡಾಣದಿಂದ ಒಂದು ಚೊಂಬು ನೀರು ತಂದು ಕೆಟ್ಟ ಕುಂಡಕ್ಕೆ ಸುರಿದು, ತಳದಿಂದ ಇಳಿದದ್ದನ್ನು ಡಬ್ಬಿಯಲ್ಲಿ ಹಿಡಿಯುತ್ತಾರೆ. ಪೆನ್ನು ಅದ್ದುತ್ತಾರೆ. ಹುಳಿ. ಆಚೆ ಸಾಲಿನ ಕುಂಡಕ್ಕೂ ಹಾಗೇ ಮಾಡುತ್ತಾರೆ. ಅದು ಸರಿಯಾಗಿದೆ. ಒಂದೇ ಮಣ್ಣು, ಒಂದೇ ನೀರು. ಈ ಸಾಲಿಗೆ ಮಾತ್ರ ಹುಳಿ ಎಲ್ಲಿಂದ ಬಂತು? ಹೇನಿಲ್ಲದ ಗಿಡಕ್ಕೆ ಇರುವೆ ಯಾಕೆ ಬಂತು?

ಮಣ್ಣನ್ನು ಚಿಟಿಕೆಯಷ್ಟು ಕೆರೆದು ಮೂಗಿನ ಬಳಿ ತರುತ್ತಾರೆ. ಕಣ್ಣು ಅಗಲವಾಗುತ್ತದೆ.

“ಸವೆಂಗಣ್ಣ, ಮೂಸಿ! ಮೂಸಿ ಬೇಗ!”

“ಏನಿದು... ಸ್ಟ್ರಾಬೆರಿ?”

ಮೋಟುಗೋಡೆಯ ಆಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಕಂಬದ ಮೇಲೆ ಮನೆ ಕಾಯುವ ದೈವ, ಒಡೆಯನ ಪುಟ್ಟ ಗುಡಿ ಇದೆ. ಅದರ ಮುಂದೆ ಮುಚ್ಚಳ ತೆಗೆದು ಸ್ಟ್ರಾ ಇಟ್ಟು ನೈವೇದ್ಯ ಮಾಡಿದ ಸ್ಟ್ರಾಬೆರಿ ರುಚಿಯ ಕೆಂಪು ಸೋಡಾದ ಬಾಟಲಿ.

“ದೊಡ್ಡಮ್ಮಾ,” ಬುವಾಲೈ ಆದಷ್ಟು ಮೆತ್ತಗೆ ಕರೆಯುತ್ತಾರೆ. “ಒಡೆಯನಿಗೆ ಇಟ್ಟ ಸೋಡಾ ಆಮೇಲೇನ್ ಮಾಡ್ತೀಯ?”

“ಇನ್ನೇನ್ ಮಾಡ್ಲಿ, ಚೆಲ್ತೀನಾ?” ಖಮ್ಪೊಂಗ್ ಅವರಿಗೆ ಹೆಮ್ಮೆ. “ಒಡೆಯ ಕುಡಿದು ಮಿಕ್ಕಿದ್ದು. ಮಗಳ ಔಷಧಿ ಗಿಡಕ್ಕೇ ಹಾಕ್ತೀನಿ, ಕೈಗೆ ಸಿಗೋ ಈ ಸಾಲಿಗೆ ಒಂದೊಂದು ಗುಟುಕು. ಮೊದಲು ದಿನಕ್ಕೊಂದು ಬಾಟಲಿ ಇತ್ತು. ಎಲೆ ಹಳದಿ ಆಯ್ತು ಅಂತ ಎರಡು ಮಾಡ್ದೆ. ಆಮೇಲೆ ಮೂರು.”

ಸವೆಂಗ್ ಬೇರೆ ಕಡೆ ನೋಡುತ್ತಾರೆ. ಜಗಲಿಯ ಮೇಲಿನಿಂದ ಮಗಳು, “ಅಯ್ಯೋ ಅಮ್ಮಾ,” ಎನ್ನುತ್ತಾಳೆ. ಆ ಸ್ವರ ಕೇಳಿದ್ದೇ ಖಮ್ಪೊಂಗ್ ಅವರಿಗೆ ಎಲ್ಲವೂ ತಿಳಿದುಹೋಗುತ್ತದೆ.

“ನಾನೇ ಹಾಳು ಮಾಡ್ದೆ ಅನ್ನು.”

“ಹಾಳು ಮಾಡಿಲ್ಲ ದೊಡ್ಡಮ್ಮ, ಮುದ್ದು ಮಾಡಿದ್ದೀಯ. ಮೂರ್ಹೊತ್ತೂ ಸೋಡಾ ಕುಡಿಸಿದ್ರೆ ಯಾವ ಮಗು ಅನ್ನ ತಿನ್ನುತ್ತೆ ಹೇಳು? ಮಣ್ಣು ಹುಳಿಯಾಗಿದೆ. ಬೇರು ಬಾಯಿ ಮುಚ್ಕೊಂಡಿದೆ, ಅಷ್ಟೇ. ಮೊದಲನೇ ಎಲೆ ಹಳದಿ ಆದಾಗ ನಂಗ್ಯಾಕೆ ಫೋನ್ ಮಾಡ್ಲಿಲ್ಲ?”

“ನಾಚಿಕೆ ಆಯ್ತು ಕಣೆ. ಎಲ್ಲರ ಗಿಡ ಚೆನ್ನಾಗಿದೆ, ನಂದು ಮಾತ್ರ ಹಿಂಗಾಯ್ತಲ್ಲ ಅಂತ.” ಜಗಲಿಯತ್ತ ನೋಡಿ, ಧ್ವನಿ ತಗ್ಗಿಸಿ ಹೇಳುತ್ತಾರೆ: “ಇವಳೂ ಮೈಯಲ್ಲಿ ಗಂಟು ಇದೆ ಅಂತ ಹೇಳಿದ್ದು ಎಷ್ಟೋ ತಿಂಗಳಾದ್ಮೇಲೆ.”

ಬುವಾಲೈ ಬಕೆಟ್ಟು ಎತ್ತಿಕೊಳ್ಳುತ್ತಾರೆ.

ಮಳೆನೀರಿನಿಂದ ಮಣ್ಣು ತೊಳೆಯುವ ಕೆಲಸ ಶುರುವಾಗುತ್ತದೆ. ಕುಂಡದ ಮೂರು ಪಟ್ಟು ನೀರು, ಆತುರವಿಲ್ಲದೆ, ಸಣ್ಣ ಧಾರೆಯಲ್ಲಿ. ಇಳಿದು ಬರುವ ನೀರಿಗೆ ಮತ್ತೆ ಮತ್ತೆ ಪೆನ್ನು ಅದ್ದುತ್ತಾರೆ. ಸವೆಂಗ್ ನೀರು ಹೊರುತ್ತಾರೆ, ಗೊಣಗುತ್ತಾರೆ, ಮತ್ತೆ ಹೊರುತ್ತಾರೆ. ಆಮೇಲೆ ಎರಡು ದಿನ ಹನಿ ನೀರೂ ಇಲ್ಲ, ಬೇರು ಉಸಿರಾಡಬೇಕು. ಮಣ್ಣಿನ ಮೇಲುಪದರ ಆರಿದ ಮೇಲೆ ಹುಳಿ ತಗ್ಗಿಸಲು ಸುಣ್ಣದ ತಿಳಿನೀರು, ಅದೂ ಬಹಳ ತೆಳುವಾಗಿ. ಸುಣ್ಣ ಹುಡುಕಿಕೊಂಡು ಪೇಟೆಗೆ ಹೋಗಬೇಕಿಲ್ಲ. ಎಲೆಯಡಿಕೆ ಹಾಕುವ ಖಮ್ಪೊಂಗ್ ಅವರ ಮನೆಯಲ್ಲಿ ಅದು ಇದ್ದೇ ಇದೆ. ಸುಣ್ಣ ಕದಡಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನಷ್ಟೇ ಬಸಿಯುವ ಹೊಣೆ ಅವರದೇ. ಎಲೆಗಳಿಗೆ ಹಸಿರು ಮರಳಿಸುವ ಎಪ್ಸಮ್ ಉಪ್ಪನ್ನು ಒಂದು ಚೂರು ಕರಗಿಸಿದ ನೀರನ್ನು ಮುಂಜಾನೆ ಸಿಂಪಡಿಸಬೇಕು. ಬಿಸಿಲೇರಿದ ಮೇಲೆ ಸಿಂಪಡಿಸಿದರೆ ಎಲೆ ಸುಡುತ್ತದೆ.

ಇನ್ನೊಂದು ಜಗಳ ಬಾಕಿ ಇದೆ. ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ. ಪಿಯಾನುಚ್ ಬರುವ ಹಿಂದಿನ ದಿನ ಅವನ್ನೆಲ್ಲ ಕಿತ್ತುಹಾಕೋಣ ಎನ್ನುತ್ತಾರೆ ಸವೆಂಗ್.

“ಯಾರಿಗ್ ಗೊತ್ತಾಗುತ್ತೆ?”

“ನಂಗ್ ಗೊತ್ತಾಗುತ್ತಲ್ಲ! ಬಿಡಿ ಅದನ್ನ. ಹಳೇ ಎಲೆ ನೋಡಿದ್ರೆ ಏನಾಗಿತ್ತು ಅಂತ ತಿಳಿಯುತ್ತೆ, ಹೊಸ ಎಲೆ ನೋಡಿದ್ರೆ ಈಗ ಹೆಂಗಿದೆ ಅಂತ ತಿಳಿಯುತ್ತೆ. ಅವರು ಎರಡೂ ನೋಡ್ಲಿ.”

“ಇಡೀ ಚಪ್ಪರ ಬಿಟ್ಟು ಹೋದ್ರೆ? ರುಂಗ್‌ನಪಾಗೆ ಏನ್ ಹೇಳ್ತೀಯ?”

ಬುವಾಲೈ ಜಗಲಿಯತ್ತ ನೋಡುತ್ತಾರೆ. ಅಲ್ಲಿಂದಲೇ ಉತ್ತರ ಬರುತ್ತದೆ.

“ಕೀಳ್ಬೇಡಿ ಮಾವ. ಅದನ್ನ ಕುಡಿಯೋಳು ನಾನು. ಒಳಗೆ ಏನಿದೆ ಅಂತ ಅವರಿಗೆ ಗೊತ್ತಿರ್ಲಿ.”

ಎಲೆ ಉಳಿಯುತ್ತದೆ. ನಡುವಿನ ದಿನಗಳಲ್ಲಿ ಬುವಾಲೈ ಪ್ರತಿ ಬೆಳಗೂ ಈ ಅಂಗಳಕ್ಕೆ ಬಂದೇ ಮುಂದೆ ಹೋಗುತ್ತಾರೆ. ಮೊದಮೊದಲು ಏನೂ ಬದಲಾಗುವುದಿಲ್ಲ. ಒಂದು ಬೆಳಿಗ್ಗೆ ಬೈಕಿನ ಸದ್ದು ಕೇಳಿದ್ದೇ ಖಮ್ಪೊಂಗ್ ಬರಿಗಾಲಲ್ಲಿ ಓಡಿ ಬರುತ್ತಾರೆ.

“ಬಾರೇ, ಬಾರೇ! ನೆತ್ತಿ ನೋಡು, ನೆತ್ತಿ!”

ಪ್ರತಿ ಗಿಡದ ತುದಿಯಲ್ಲೂ ಹೊಸ ಚಿಗುರು. ಚುಕ್ಕೆಯಿಲ್ಲ, ಸುಟ್ಟ ಅಂಚಿಲ್ಲ. ನರದಿಂದ ಅಂಚಿನವರೆಗೂ ಒಂದೇ ಹಸಿರು. ಬುವಾಲೈ ಭೂತಗನ್ನಡಿ ಹಿಡಿಯುವುದನ್ನೂ ಮರೆತು ಚಪ್ಪಾಳೆ ತಟ್ಟುತ್ತಾರೆ. ಸವೆಂಗ್ ಅವರಿಗೆ ಫೋನ್ ಹೋಗುತ್ತದೆ. ಅವರು ಅಂಟನ್ನದ ಮುದ್ದೆಯನ್ನು ಕೈಯಲ್ಲೇ ಹಿಡಿದು ಬರುತ್ತಾರೆ, ಒಂದೊಂದೇ ತುದಿ ನೋಡುತ್ತಾರೆ, ಕೊನೆಗೆ, “ಹೂಂ, ಈ ಸಲ ಪರವಾಗಿಲ್ಲ,” ಎನ್ನುತ್ತಾರೆ.

ಶುಕ್ರವಾರ ಪಿಯಾನುಚ್ ಬರುತ್ತಾರೆ. ಗೋಡೆ ಬದಿಯ ಸಾಲಿನ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಬುವಾಲೈ ಸೋಡಾದಿಂದ ಸುಣ್ಣದವರೆಗೆ ಎಲ್ಲವನ್ನೂ ಹೇಳುತ್ತಾರೆ. ಫಾರ್ಮಸಿಸ್ಟ್ ನಗು ತಡೆದುಕೊಳ್ಳಲು ಎಲೆಗಳ ಮೇಲೆ ಬಾಗುತ್ತಾರೆ.

“ನಮ್ಮಜ್ಜಿ ಸೋಡಾನ ಮಲ್ಲಿಗೆ ಗಿಡಕ್ಕೆ ಹಾಕ್ತಿದ್ರು,” ಎನ್ನುತ್ತಾರೆ. “ಈ ಸಾಲು ಈಗ ಬೇಡ. ಇನ್ನೆರಡು ವಾರ ಬಿಟ್ಟು ಬಂದು ನೋಡ್ತೀನಿ. ಉಳಿದಿದ್ದೆಲ್ಲಾ ತಗೋತೀವಿ. ಆ ಹಳದಿ ಎಲೆ ಕಿತ್ತಿದ್ರೆ ಮಾತ್ರ ಯಾವುದನ್ನೂ ತಗೋತಿರ್ಲಿಲ್ಲ ಅಕ್ಕಾ. ಎಲೆ ಕಿತ್ತ ಗಾಯ ಕಾಣುತ್ತೆ. ಏನ್ ಮುಚ್ಚಿಡ್ತಿದ್ದಾರೋ ಅನ್ಸುತ್ತೆ.”

ಸವೆಂಗ್ ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳುತ್ತಾರೆ. ಖಮ್ಪೊಂಗ್ ಜಗಲಿಗೆ ಹೋಗಿ ಮಗಳ ಮಂಚದ ಅಂಚಿನಲ್ಲಿ ಕೂರುತ್ತಾರೆ. ಎಣ್ಣೆ ಬರುತ್ತದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಳೇ, “ಕೇಳಿಸ್ತಮ್ಮಾ,” ಎನ್ನುತ್ತಾಳೆ.

ನಿಮಗೇನು ಬೇಕು ಎಂದು ಕೇಳಿದರೆ ಬುವಾಲೈ ಮೊದಲು ಹೊಸ ಬೈಕು ಎನ್ನುತ್ತಾರೆ, ಬೇಡ ಎನ್ನುತ್ತಾರೆ. “ಹತ್ತು ಎಲೆ ಹೋದ್ಮೇಲೆ ಕರೀತಾರೆ ಎಲ್ರೂ. ಒಂದು ಎಲೆ ಹೋದಾಗ್ಲೇ ಕರೀಲಿ. ಅಷ್ಟೇ.”

ಎರಡು ವಾರದ ನಂತರ ಆ ಸಾಲೂ ಆಸ್ಪತ್ರೆಗೆ ಹೋಗುತ್ತದೆ. ಚಪ್ಪರದಲ್ಲಿ ಹೊಸ ಸಸಿಗಳು ಬರುತ್ತವೆ. ಒಂದು ದಿನ ದೂರದ ಊರಿನ ದಾರಿಯಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಬುವಾಲೈ ಬೈಕನ್ನು ಗದ್ದೆಯ ಬದಿಗೆ ನಿಲ್ಲಿಸುತ್ತಾರೆ.

“ನಾನು ಕಣೆ, ಖಮ್ಪೊಂಗ್. ಒಂದೇ ಒಂದು ಎಲೆ. ತುದೀಲಿ ಒಂಚೂರು, ಉಗುರಿನಷ್ಟು. ಏನೂ ಇಲ್ದೇನೂ ಇರ್ಬಹುದು. ಆದ್ರೂ ಹೇಳ್ಬಿಡೋಣ ಅಂತ...”

“ಬಂದೆ ದೊಡ್ಡಮ್ಮ, ಬಂದೇಬಿಟ್ಟೆ!”

ಬೈಕು ಬಂದ ದಾರಿಗೇ ತಿರುಗುತ್ತದೆ. ಎದುರಿಗೆ ಸಿಕ್ಕ ಪರಿಚಯದವರು ಏನಾಯ್ತು, ಯಾಕಿಷ್ಟು ಅವಸರ ಎಂದು ಕೂಗಿ ಕೇಳುತ್ತಾರೆ. ಬುವಾಲೈ ನಿಲ್ಲಿಸುವುದಿಲ್ಲ. ಎಂಜಿನ್ನಿನ ಸದ್ದಿಗಿಂತ ಜೋರಾಗಿ ಕೂಗುತ್ತಾರೆ:

“ಒಂದೇ ಎಲೆಗೆ ಕರೆದಿದ್ದಾರೆ ನನ್ನ!”